ಗಿಟಾರಿನ ಝಂಕಾರ: 1980ರ ದಶಕದ ಕೆಲವು ಮೇಳಗಳ ಚರಿತ್ರೆಯೂ ಅವುಗಳ ಶೋಧನೆಯೂ

1. ಪೀಠಿಕೆ

ಗೀತ, ವಾದ್ಯ, ನೃತ್ಯಗಳೆಂಬ ಮೂರನ್ನೂ ಒಟ್ಟುಗೂಡಿಸಿ ಸಂಗೀತವೆಂದು ಕರೆದ ನಮ್ಮ ಶಾಸ್ತ್ರಕಾರರು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ವಿಧವಾಗಿ ವಿಂಗಡಿಸಿದರು. ಭರತನ ನಾಟ್ಯಶಾಸ್ತ್ರದಿಂದ ಮೊದಲುಗೊಂಡು ಈ ವಿಭಾಗವು ಅವಿಚ್ಛಿನ್ನವಾಗಿ ನಡೆದುಬಂದಿದೆ. ಇವುಗಳಲ್ಲಿ ತತವಾದ್ಯಗಳಿಗೆ, ಎಂದರೆ ತಂತಿಯನ್ನು ಬಿಗಿದು ನುಡಿಸುವ ವಾದ್ಯಗಳಿಗೆ, ಪ್ರಥಮ ಸ್ಥಾನವು ಸಂದಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಇಂದು ಲೋಕದಲ್ಲಿ ಅತಿಶಯವಾಗಿ ಹಬ್ಬಿರುವ ತತವಾದ್ಯವು ಗಿಟಾರು. ಈ ವಾದ್ಯವನ್ನೇ ಮುಖ್ಯವಾಗಿ ಅವಲಂಬಿಸಿ, ಅದರ ತಂತಿಗಳ ತೆರೆದ ನಿನಾದವನ್ನೇ ತಮ್ಮ ಲಕ್ಷಣವನ್ನಾಗಿ ಮಾಡಿಕೊಂಡು, 1980ರಿಂದ 1990ರವರೆಗಿನ ಹತ್ತು ವರ್ಷಗಳಲ್ಲಿ ಅಮೆರಿಕ, ಇಂಗ್ಲೆಂಡು, ಸ್ಕಾಟ್ಲೆಂಡು, ಆಸ್ಟ್ರೇಲಿಯ, ನ್ಯೂಜಿಲೆಂಡು ದೇಶಗಳಲ್ಲಿ ಅನೇಕ ಮೇಳಗಳು ಹುಟ್ಟಿದುವು. ಅವುಗಳ ಸಂಗೀತಕ್ಕೆ ಪಾಶ್ಚಾತ್ಯರು 'ಜ್ಯಾಂಗಲ್ ಪಾಪ್' ಎಂದು ಹೆಸರಿಟ್ಟಿದ್ದಾರೆ. ಕನ್ನಡದಲ್ಲಿ ಇದನ್ನು ಝಂಕಾರಸಂಗೀತವೆಂದು ಕರೆಯಬಹುದು.

ಕಾವ್ಯ, ಶಾಸನ, ವ್ಯಾಕರಣಗಳ ವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಸ್ಥಾನವುಂಟೆ ಎಂಬ ಶಂಕೆಯು ಕೆಲವರಿಗೆ ಹುಟ್ಟಬಹುದು. ಅದಕ್ಕೆ ಸಮಾಧಾನವಿಷ್ಟೆ. ಈ ಮೇಳಗಳಲ್ಲಿ ಹೆಚ್ಚಿನವು ತಮ್ಮ ಕಾಲದಲ್ಲಿ ಅಲ್ಪಜನರಿಗೆ ಮಾತ್ರ ಗೊತ್ತಿದ್ದುವು. ಅವುಗಳ ಧ್ವನಿಮುದ್ರಿಕೆಗಳು ಕೆಲವು ನೂರು ಪ್ರತಿಗಳಲ್ಲಿ ಹೊರಟು ಕಣ್ಮರೆಯಾದುವು. ಬಳಿಕ ಬಂದ ಸಂಗ್ರಾಹಕರು ಅವನ್ನು ಹುಡುಕಿ, ಕಾಲವನ್ನು ನಿರ್ಣಯಿಸಿ, ಸಂಕಲನಗಳನ್ನು ಮಾಡಿ ಮತ್ತೆ ಬೆಳಕಿಗೆ ತಂದರು. ಈ ಕೆಲಸವು ಓಲೆಯ ಕಟ್ಟುಗಳನ್ನು ಶೋಧಿಸುವ ನಮ್ಮ ವಿದ್ವಾಂಸರ ಕೆಲಸಕ್ಕೆ ತೀರ ಸಮೀಪವಾದುದು. ಅದೇ ಕಾಲದ ಕನ್ನಡನಾಡಿನ ಶಬ್ದಸಂಪತ್ತು ಈಗ ಯಾವ ಅವಸ್ಥೆಯಲ್ಲಿದೆ ಎಂಬ ಪ್ರಶ್ನೆಗೂ ಇದರಿಂದ ದಾರಿಯಾಗುವುದು.

2. ಶಬ್ದವಿಚಾರ

'ಜ್ಯಾಂಗಲ್' ಎಂಬುದು ಮಧ್ಯಕಾಲದ ಇಂಗ್ಲಿಷಿನಲ್ಲಿ ಪ್ರಾಚೀನ ಫ್ರೆಂಚ್ ಭಾಷೆಯಿಂದ ಬಂದ ಶಬ್ದ. ಮೊದಲು ಅದಕ್ಕೆ ಹರಟುವುದು, ವಟಗುಟ್ಟುವುದು ಎಂಬ ಅರ್ಥವಿದ್ದಿತು. ಆಮೇಲೆ ಲೋಹದ ವಸ್ತುಗಳು ಒಂದಕ್ಕೊಂದು ತಾಗಿ ಎಬ್ಬಿಸುವ ಕರ್ಕಶ ಸದ್ದಿಗೆ ಆ ಹೆಸರು ಸಂದಿತು. ಕಡೆಗೆ, ಕಳೆದ ಶತಮಾನದ ಉತ್ತರಾರ್ಧದಲ್ಲಿ, ಗಿಟಾರಿನ ಇಂಪಾದ ಕಿಂಕಿಣಿನಾದಕ್ಕೆ ವಿಶೇಷಣವಾಯಿತು. ನಿಂದೆಯ ಮಾತು ಹೊಗಳಿಕೆಯ ಮಾತಾಗಿ ಪರಿಣಮಿಸಿದುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಕನ್ನಡದಲ್ಲಿ ಜಂಗಮರು ಕಾಲಿಗೆ ಕಟ್ಟುವ ಗಂಟೆಗೆ 'ಜಂಗು' ಎಂಬ ಹೆಸರಿದೆ. ಶಬ್ದಸಾಮ್ಯವನ್ನು ಕಂಡೊಡನೆ ಇವೆರಡಕ್ಕೂ ಸಂಬಂಧವನ್ನು ಕಲ್ಪಿಸುವುದು ಯುಕ್ತವಲ್ಲ. ಎರಡೂ ಅನುಕರಣಶಬ್ದಗಳು, ಒಂದೇ ಬಗೆಯ ಸದ್ದನ್ನು ಕೇಳಿದ ಎರಡು ಜನಾಂಗಗಳು ಹತ್ತಿರದ ಅಕ್ಷರಗಳಿಂದ ಅದನ್ನು ಅನುಕರಿಸಿದುವೆಂದು ತಿಳಿದರೆ ಸಾಕು. 'ಗಿಟಾರು' ಎಂಬ ಹೆಸರನ್ನು 'ಗೀತ', 'ತಾರ' ಎಂಬ ಸಂಸ್ಕೃತ ಪದಗಳಿಂದ ಸಾಧಿಸುವವರೂ ಇದ್ದಾರೆ. ಅದು ಗ್ರೀಕರ 'ಕಿಥಾರ' ಎಂಬ ವಾದ್ಯನಾಮದಿಂದ ಹೊರಟು ಸ್ಪೇನ್ ದೇಶದ ಮೂಲಕ ಬಂದ ಮಾತಾದುದರಿಂದ ಈ ವ್ಯುತ್ಪತ್ತಿಯು ಗ್ರಾಹ್ಯವಲ್ಲ.

ಸಂಸ್ಕೃತದ 'ಝಂಕಾರ' ಶಬ್ದವು ದುಂಬಿಗಳ ಮೊರೆತಕ್ಕೂ ನೂಪುರದ ದನಿಗೂ ಸಮಾನವಾಗಿ ಸಲ್ಲುತ್ತದೆ. ಒಂದು ಸ್ವರವು ಹುಟ್ಟಿ ಅಡಗುವುದಕ್ಕೆ ಮುನ್ನ ಇನ್ನೊಂದು ಹುಟ್ಟಿ, ಅನೇಕ ಸ್ವರಗಳು ಒಂದರ ಮೇಲೊಂದು ತೆರೆತೆರೆಯಾಗಿ ನಿಲ್ಲುವುದು ಎರಡಕ್ಕೂ ಸಾಮಾನ್ಯಧರ್ಮ. ಪ್ರಕೃತ ಸಂಗೀತದ ಲಕ್ಷಣವೂ ಇದೇ ಆದುದರಿಂದ ಈ ಶಬ್ದವು ಇಲ್ಲಿ ಚೆನ್ನಾಗಿ ಒಪ್ಪುವುದು. ತುಳುನಾಡಿನಲ್ಲಿ, ಸುಳ್ಯ ಸೀಮೆಯ ಮರ್ಕಂಜವೇ ಮೊದಲಾದ ಮಲೆಯ ತಪ್ಪಲಿನ ಗ್ರಾಮಗಳಲ್ಲಿ, ಭೂತಕೋಲದ ಇರುಳು ಗಗ್ಗರದ ದನಿಯನ್ನು ಕೇಳಿದವರಿಗೆ ಈ ಲಕ್ಷಣವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ.

3. ವಾದ್ಯವಿಚಾರ

ಸಾಮಾನ್ಯವಾದ ಗಿಟಾರಿಗೆ ಆರು ತಂತಿಗಳು. ಝಂಕಾರಕ್ಕೆ ಮೂಲವಾದ ಗಿಟಾರಿಗಾದರೋ ಹನ್ನೆರಡು. ಅವನ್ನು ಎರಡೆರಡರಂತೆ ಆರು ಜೋಡಿಗಳಾಗಿ ಬಿಗಿಯುತ್ತಾರೆ. ಮೇಲಿನ ಸ್ಥಾಯಿಯ ಎರಡು ಜೋಡಿಗಳಲ್ಲಿ ಎರಡು ತಂತಿಗಳೂ ಒಂದೇ ಸ್ವರಕ್ಕೆ ಕೂಡಿಸಲ್ಪಡುತ್ತವೆ. ಕೆಳಗಿನ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಕೆಳಗಿನ ಸ್ಥಾಯಿಯದು, ಅದರ ಸಂಗಡದ್ದು ಒಂದು ಸ್ಥಾಯಿ ಮೇಲಿನದು. ಒಂದೇ ಮೀಟಿಗೆ ಮಂದ್ರವೂ ತಾರವೂ ಒಟ್ಟಿಗೆ ಏಳುವುವು. ಇದಲ್ಲದೆ ಎರಡು ತಂತಿಗಳನ್ನು ಎಷ್ಟು ಎಚ್ಚರದಿಂದ ಕೂಡಿಸಿದರೂ ಕೂದಲೆಳೆಯಷ್ಟು ಅಂತರವು ಉಳಿದೇ ಉಳಿಯುತ್ತದೆ. ಆ ಅಂತರದಿಂದ ನಾದವು ಏರಿ ಇಳಿದು ಅಲೆಯಾಡುವುದು. ಕಿವಿಗೆ ಮಿನುಗುವಂತೆ ತೋರುವ ಗುಣಕ್ಕೆ ಇದೇ ಕಾರಣ.

ನಮ್ಮ ತಂಬೂರಿಯ ಜೀವಾಳಿಯನ್ನು ಬಲ್ಲವರು ಇದರ ಮರ್ಮವನ್ನು ಸುಲಭವಾಗಿ ಗ್ರಹಿಸಬಲ್ಲರು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲನ್ನು ಸೇರಿಸಿ ತಂತಿಯು ಕುದುರೆಯನ್ನು ಸೋಕುತ್ತ ಮಿಡಿಯುವಂತೆ ಮಾಡಿದಾಗ, ಒಂದು ಸ್ವರದೊಳಗೆ ಅಡಗಿರುವ ಮೇಲುಸ್ವರಗಳೆಲ್ಲ ಹೊರಬಂದು ದನಿಗೆ ಜೀವವು ಬರುವುದು. ವೀಣೆಯಲ್ಲಿಯೂ ನುಡಿಸುವ ನಾಲ್ಕು ತಂತಿಗಳಲ್ಲದೆ ಪಕ್ಕದಲ್ಲಿ ಮೂರು ತಾಳದ ತಂತಿಗಳಿದ್ದು, ರಾಗವು ನಡೆಯುತ್ತಿರುವಾಗ ಆಧಾರಶ್ರುತಿಯನ್ನು ಮತ್ತೆ ಮತ್ತೆ ನೆನಪಿಗೆ ತರುತ್ತವೆ. ಶಾರ್ಙ್ಗದೇವನು ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಏಕತಂತ್ರಿಯಿಂದ ಹಿಡಿದು ಇಪ್ಪತ್ತೊಂದು ತಂತಿಗಳ ಮತ್ತಕೋಕಿಲೆಯವರೆಗೆ ನಾನಾ ವೀಣೆಗಳನ್ನು ಹೇಳಿರುವನು. ಅವನ ಮತದಂತೆ ಅನುರಣನವೇ ಸ್ವರದ ಆತ್ಮ. ಝಂಕಾರಸಂಗೀತದ ಗಿಟಾರುವಾದಕರು ಸ್ವರಗುಚ್ಛವನ್ನು ಒಮ್ಮೆಗೇ ಬಾರಿಸದೆ ಬಿಡಿಬಿಡಿಯಾಗಿ ಮೀಟಿ, ಒತ್ತದ ತಂತಿಗಳನ್ನು ನಡುನಡುವೆ ಮೊಳಗಲು ಬಿಟ್ಟು, ಈ ಅನುರಣನವನ್ನೇ ಮುಂದಿಟ್ಟರು. ಶ್ರುತಿಯ ತತ್ತ್ವವು ಅವರಿಗೆ ನಮ್ಮಿಂದಲೇ ಹೋಯಿತೆಂದು ಹೇಳುವುದು ಸಾಹಸವಾದೀತು. ಪಶ್ಚಿಮದೇಶದ ಜನಪದವಾದ್ಯಗಳಲ್ಲಿಯೂ ಆಧಾರನಾದವುಂಟು. ಆದರೆ ಒಂದು ಘಟ್ಟದಲ್ಲಿ ಎರಡು ಸಂಪ್ರದಾಯಗಳು ಪ್ರತ್ಯಕ್ಷವಾಗಿ ಸಂಧಿಸಿದುವೆಂಬುದು ಮಾತ್ರ ಚರಿತ್ರೆಗೆ ಸಿದ್ಧವಾದ ಸಂಗತಿ.

4. ಪೂರ್ವಚರಿತ್ರೆ

ಕ್ಯಾಲಿಫೋರ್ನಿಯದ ರಿಕನ್‌ಬ್ಯಾಕರ್ ಎಂಬ ವಾದ್ಯಶಾಲೆಯವರು ವಿದ್ಯುತ್ತಿನ ಹನ್ನೆರಡು ತಂತಿಗಳ ಗಿಟಾರೊಂದನ್ನು 1964ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಬೀಟಲ್ಸ್ ಮೇಳದ ಜಾರ್ಜ್ ಹ್ಯಾರಿಸನ್ನನಿಗೆ ಒಪ್ಪಿಸಿದರು. ಅದೇ ವರ್ಷ ಹೊರಟ ಆ ಮೇಳದ ಚಲನಚಿತ್ರದಲ್ಲಿ ಆ ವಾದ್ಯವು ಕಾಣಿಸಿಕೊಂಡಿತು. ಚಿತ್ರವನ್ನು ನೋಡಿದ ಅಮೆರಿಕದ ಜನಪದಗಾಯಕ ಮೆಗ್ವಿನ್ ಎಂಬವನು ತಾನೂ ಅಂತಹದೊಂದನ್ನು ಕೊಂಡು, ಬರ್ಡ್ಸ್ ಎಂಬ ತನ್ನ ಮೇಳದಲ್ಲಿ ನುಡಿಸತೊಡಗಿದನು. ಬಾಬ್ ಡಿಲನ್ನನ 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ಎಂಬ ಗೀತವನ್ನು ಆ ಮೇಳದವರು 1965ರಲ್ಲಿ ಹಾಡಿ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಮೊದಲ ಸ್ಥಾನವನ್ನು ಪಡೆದರು. ಆ ಗೀತದಲ್ಲಿ ಬರುವ ಒಂದು ಅನುಕರಣಶಬ್ದವೇ ಕಾಲಕ್ರಮದಲ್ಲಿ ಈ ಸಂಗೀತಕ್ಕೆ ಹೆಸರಾಯಿತೆಂದು ಸಾಮಾನ್ಯವಾಗಿ ತಿಳಿಯುತ್ತಾರೆ.

ಈ ಬರ್ಡ್ಸ್ ಮೇಳದವರು ಅಭ್ಯಾಸ ಮಾಡುತ್ತಿದ್ದ ಲಾಸ್ ಏಂಜಲೀಸಿನ ಮುದ್ರಣಶಾಲೆಯಲ್ಲಿಯೇ ಸಿತಾರಿನ ಪಂಡಿತ ರವಿಶಂಕರರ ಧ್ವನಿಮುದ್ರಿಕೆಗಳೂ ಆಗಿದ್ದುವು. ಮೇಳದ ಡೇವಿಡ್ ಕ್ರಾಸ್ಬಿಯು ಅವನ್ನು ಕೇಳಿ ಮೆಚ್ಚಿ, 1965ರ ಬೇಸಗೆಯಲ್ಲಿ ಹ್ಯಾರಿಸನ್ನನಿಗೂ ರವಿಶಂಕರರ ವಿಷಯವನ್ನು ತಿಳಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಹ್ಯಾರಿಸನ್ನನು ಬೀಟಲ್ಸ್ ಮೇಳದ ಒಂದು ಗೀತಕ್ಕೆ ಸಿತಾರನ್ನು ನುಡಿಸಿದನು. 1966ರಲ್ಲಿ ರವಿಶಂಕರರಲ್ಲಿ ಶಿಷ್ಯವೃತ್ತಿ ಮಾಡಿದನು. ಬರ್ಡ್ಸ್ ಮೇಳದವರ 1966ರ 'ಏಯ್ಟ್ ಮೈಲ್ಸ್ ಹೈ' ಎಂಬ ಗೀತದಲ್ಲಿ ಹನ್ನೆರಡು ತಂತಿಗಳ ಗಿಟಾರು ರಾಗಾಲಾಪನೆಯ ನಡೆಯನ್ನು ಅನುಸರಿಸಲು ಯತ್ನಿಸುವುದು ಸ್ಪಷ್ಟವಾಗಿದೆ. ಝಂಕಾರಸಂಗೀತದ ಮೂಲದಲ್ಲಿ ನಮ್ಮ ನಾದಸಂಪ್ರದಾಯದ ಒಂದು ಎಳೆಯಿದೆಯೆಂದು ಇಷ್ಟರಮಟ್ಟಿಗೆ ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ.

ಇನ್ನೊಂದು ಪೂರ್ವರೂಪವು ಮೆಂಫಿಸ್ ನಗರದ ಬಿಗ್ ಸ್ಟಾರ್ ಎಂಬ ಮೇಳ. ಅದರ ಮೊದಲ ಮುದ್ರಿಕೆಯು 1972ರಲ್ಲಿ ಹೊರಟಿತು. ವಿಮರ್ಶಕರು ಮೆಚ್ಚಿದರೂ ಹಂಚಿಕೆಯ ವ್ಯವಸ್ಥೆಯು ಕೆಟ್ಟು ಮುದ್ರಿಕೆಗಳು ಅಂಗಡಿಗಳಿಗೆ ತಲುಪದೆ ಮೇಳವು ಮುರಿದುಹೋಯಿತು. ಹತ್ತು ವರ್ಷಗಳ ತರುವಾಯ ಬಂದ ತರುಣರು ಹಳೆಯ ಪ್ರತಿಗಳನ್ನು ಹುಡುಕಿ ಕೇಳಿ ಅದನ್ನು ತಮ್ಮ ಗುರುಸ್ಥಾನದಲ್ಲಿರಿಸಿದರು. ಆದುದರಿಂದ 1980ರ ದಶಕದ ಮೇಳಗಳು ಶೋಧನೆಗೆ ವಿಷಯವಾಗುವುದಕ್ಕೆ ಮೊದಲು ತಾವೇ ಶೋಧಕರಾಗಿದ್ದುವು.

5. ಮೇಳಗಳು

ಈ ಮೇಳಗಳ ಚರಿತ್ರೆಯಲ್ಲಿ ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಇವುಗಳಲ್ಲಿ ಮುಖ್ಯವಾದುವು ರಾಜಧಾನಿಗಳಲ್ಲಿ ಹುಟ್ಟಲಿಲ್ಲ. ಅಮೆರಿಕದ ಜಾರ್ಜಿಯ ಸಂಸ್ಥಾನದ ಏಥೆನ್ಸ್ ಒಂದು ವಿಶ್ವವಿದ್ಯಾಲಯದ ಊರು. ಅಲ್ಲಿ ಬಿಲ್ ಬೆರಿ, ಪೀಟರ್ ಬಕ್, ಮೈಕ್ ಮಿಲ್ಸ್, ಮೈಕಲ್ ಸ್ಟೈಪ್ ಎಂಬ ನಾಲ್ವರು ಕೂಡಿ, ಬಳಕೆಯಿಲ್ಲದ ಒಂದು ಇಗರ್ಜಿಯಲ್ಲಿ 1980ರ ಏಪ್ರಿಲ್ 5ರಂದು ಮೊದಲ ಸಲ ಹಾಡಿದರು. ಇವರ ಮೇಳಕ್ಕೆ ಆರ್.ಇ.ಎಂ. ಎಂದು ಹೆಸರಾಯಿತು. ಮೊದಲ ಗೀತವು 1981ರಲ್ಲಿ ಒಂದು ಸಣ್ಣ ಸಂಸ್ಥೆಯಿಂದ ಹೊರಟಿತು. 1983ರಲ್ಲಿ ಹೊರಟ 'ಮರ್ಮರ್' ಎಂಬ ಮುದ್ರಿಕೆಯನ್ನು ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರು ಆ ವರ್ಷದ ಶ್ರೇಷ್ಠ ಕೃತಿಯೆಂದು ಆರಿಸಿದರು. ಪೀಟರ್ ಬಕ್ಕನು ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ ಕೆಲಸಕ್ಕಿದ್ದವನು; ಹಳೆಯ ಮುದ್ರಿಕೆಗಳ ಪರಿಚಯವು ಅವನಿಗೆ ಅಲ್ಲಿಯೇ ಒದಗಿದುದು. ಈ ಮೇಳವು ಬಹು ಪ್ರಸಿದ್ಧಿಗೆ ಬಂದು 2011ರಲ್ಲಿ ವಿಸರ್ಜಿತವಾಯಿತು.

ಇಂಗ್ಲೆಂಡಿನ ನೂಲುಗಿರಣಿಗಳ ಊರಾದ ಮ್ಯಾಂಚೆಸ್ಟರಿನಲ್ಲಿ 1982ರಲ್ಲಿ ಸ್ಮಿತ್ಸ್ ಎಂಬ ಮೇಳವು ಹುಟ್ಟಿತು. ಗೀತಗಳನ್ನು ಬರೆದು ಹಾಡುತ್ತಿದ್ದವನು ಮಾರಿಸ್ಸಿ. ರಾಗಸಂಯೋಜನೆ ಮಾಡಿ ಗಿಟಾರನ್ನು ನುಡಿಸುತ್ತಿದ್ದವನು ಜಾನಿ ಮಾರ್. ಮಾರನು ಹಲವು ಗಿಟಾರುಗಳ ಪಂಕ್ತಿಗಳನ್ನು ಒಂದರ ಮೇಲೊಂದು ಮುದ್ರಿಸಿ, ಪ್ರತಿಯೊಂದನ್ನೂ ಬಿಡಿಸ್ವರಗಳಿಂದ ಹೆಣೆದು, ಒಬ್ಬನೇ ಒಂದು ವೀಣಾವೃಂದವನ್ನು ನಡೆಸುವಂತೆ ನುಡಿಸಿದನು. ಮಾಂಸಭಕ್ಷಣವನ್ನು ಖಂಡಿಸುವ ಹೆಸರಿನ ಒಂದು ಕೃತಿಯನ್ನು ಇವರು 1985ರಲ್ಲಿ ಹೊರಡಿಸಿದರು. 1986ರಲ್ಲಿ ಹೊರಟ 'ದಿ ಕ್ವೀನ್ ಈಸ್ ಡೆಡ್' ಇವರ ಕೃತಿಗಳಲ್ಲಿ ಉತ್ತಮವೆಂದು ಹಲವರ ಮತ. ಐದೇ ವರ್ಷಗಳ ಬಾಳಿನ ಬಳಿಕ 1987ರಲ್ಲಿ ಮೇಳವು ಒಡೆಯಿತು. ಬರ್ಮಿಂಗ್‌ಹ್ಯಾಮಿನ ಕಡೆಯ ಫೆಲ್ಟ್ ಎಂಬ ಮೇಳವು ಹತ್ತು ವರ್ಷಗಳಲ್ಲಿ ಹತ್ತು ದೊಡ್ಡ ಮುದ್ರಿಕೆಗಳನ್ನೂ ಹತ್ತು ಸಣ್ಣ ಮುದ್ರಿಕೆಗಳನ್ನೂ ಹೊರಡಿಸಿ ದಶಕದ ಅಂತ್ಯಕ್ಕೆ ಸರಿಯಾಗಿ ಮುಗಿಯಿತು. ಇದರ ಕೀರ್ತಿಯು ಹೆಚ್ಚಾಗಿ ಮೇಳವು ಮುಗಿದ ಮೇಲಿನದೇ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಆಲನ್ ಹಾರ್ನ್ ಎಂಬವನು 1979ರಲ್ಲಿ ಪೋಸ್ಟ್‌ಕಾರ್ಡ್ ಎಂಬ ಮುದ್ರಿಕಾಸಂಸ್ಥೆಯನ್ನು ತೆರೆದನು. ಆರೆಂಜ್ ಜ್ಯೂಸ್, ಜೋಸೆಫ್ ಕೆ, ಅಜ್ಟೆಕ್ ಕ್ಯಾಮೆರಾ ಎಂಬ ಮೇಳಗಳು ಅದರ ಆಶ್ರಯದಲ್ಲಿದ್ದುವು. ಎರಡು ವರ್ಷಗಳಲ್ಲಿ ಸಂಸ್ಥೆಯು ಮುಚ್ಚಿದರೂ ಅದರ ಪ್ರಭಾವವು ಉಳಿಯಿತು. ಆಸ್ಟ್ರೇಲಿಯದ ಬ್ರಿಸ್ಬೇನಿನ ಗೋ-ಬಿಟ್ವೀನ್ಸ್ ಮೇಳವೂ ಅಲ್ಲಿ ಒಂದು ಮುದ್ರಿಕೆಯನ್ನು ಹೊರಡಿಸಿತು. ಈ ಮೇಳದ ರಾಬರ್ಟ್ ಫಾರ್ಸ್ಟರ್, ಗ್ರಾಂಟ್ ಮೆಕ್ಲೆನನ್ ಇಬ್ಬರೂ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದವರು. ಕಬ್ಬಿನ ಗದ್ದೆಗಳ ನಡುವೆ ಕಳೆದ ತನ್ನ ಬಾಲ್ಯವನ್ನು ಕುರಿತು ಮೆಕ್ಲೆನನ್ನನು ರಚಿಸಿದ 'ಕ್ಯಾಟಲ್ ಅಂಡ್ ಕೇನ್' ಎಂಬ 1983ರ ಗೀತವು ಹನ್ನೊಂದು ಎಣಿಕೆಗಳ ಆವರ್ತದಲ್ಲಿ ನಡೆಯುತ್ತದೆ. ನಾಲ್ಕರ ಎಣಿಕೆಗೆ ಒಗ್ಗಿದ ಪಾಶ್ಚಾತ್ಯ ಲೋಕಗೀತದಲ್ಲಿ ಇದು ಅಪರೂಪ; ತಾಳಜ್ಞರಾದ ನಮ್ಮವರಿಗೆ ಅಚ್ಚರಿಯಲ್ಲ. ಮೇಳವು 1989ರಲ್ಲಿ ಚೆದರಿ, 2000ದಲ್ಲಿ ಮತ್ತೆ ಕೂಡಿ, 2006ರಲ್ಲಿ ಮೆಕ್ಲೆನನ್ನನ ಮರಣದಿಂದ ಮುಗಿಯಿತು. 2010ರಲ್ಲಿ ಬ್ರಿಸ್ಬೇನ್ ನದಿಯ ಮೇಲೆ ತೆರೆದ ಒಂದು ಸೇತುವೆಗೆ ಆ ಮೇಳದ ಹೆಸರನ್ನೇ ಇಟ್ಟರು. ಹಾಡುಗಾರರ ಮೇಳವೊಂದಕ್ಕೆ ಊರಿನವರು ಸಲ್ಲಿಸಿದ ಗೌರವಗಳಲ್ಲಿ ಇದು ಎಣಿಸತಕ್ಕುದು.

ನ್ಯೂಜಿಲೆಂಡಿನ ದಕ್ಷಿಣದ ಡನೀಡಿನ್ ನಗರವು ಇನ್ನೂ ದೂರದ್ದು. 1981ರಲ್ಲಿ ರೋಜರ್ ಶೆಫರ್ಡ್ ಎಂಬವನು ಕ್ರೈಸ್ಟ್‌ಚರ್ಚಿನಲ್ಲಿ ಫ್ಲೈಯಿಂಗ್ ನನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಡನೀಡಿನ್ನಿನ ಕ್ಲೀನ್ ಎಂಬ ಮೇಳದ 'ಟ್ಯಾಲಿ ಹೋ' ಎಂಬ ಗೀತವು ಅತ್ಯಲ್ಪ ವೆಚ್ಚದಲ್ಲಿ ಮುದ್ರಿತವಾಗಿ ದೇಶದ ಪಟ್ಟಿಯಲ್ಲಿ 19ನೆಯ ಸ್ಥಾನಕ್ಕೆ ಏರಿತು. 1982ರಲ್ಲಿ ಚಿಲ್ಸ್, ವರ್ಲೇನ್ಸ್, ಸ್ನೀಕಿ ಫೀಲಿಂಗ್ಸ್, ಸ್ಟೋನ್ಸ್ ಎಂಬ ನಾಲ್ಕು ಮೇಳಗಳ ಗೀತಗಳನ್ನು ಒಟ್ಟಿಗೆ ಸೇರಿಸಿದ ಮುದ್ರಿಕೆಯು ಹೊರಟಿತು. ಕ್ರಿಸ್ ನಾಕ್ಸ್ ಎಂಬವನು ತನ್ನ ಸಣ್ಣ ಯಂತ್ರದಲ್ಲಿ ಇದನ್ನು ಮುದ್ರಿಸಿದನು. 'ಡನೀಡಿನ್ ಧ್ವನಿ' ಎಂಬ ಹೆಸರು ಇಲ್ಲಿಂದ ಪ್ರಚಾರಕ್ಕೆ ಬಂದಿತು. ವೈದರ್ಭಿ, ಗೌಡಿ ಎಂದು ರೀತಿಗಳಿಗೆ ದೇಶದ ಹೆಸರುಗಳು ಸಂದಂತೆಯೇ ಇದೂ.

6. ಸಾಹಿತ್ಯವೂ ಅನುರಣನವೂ

ಸಾಹಿತ್ಯದ ಅಧ್ಯಾಪಕರಿಗೆ ಈ ಮೇಳಗಳ ಗೀತಗಳಲ್ಲಿ ಒಂದು ವಿಚಾರಣೀಯ ಪ್ರಶ್ನೆಯಿದೆ. ಆರ್.ಇ.ಎಂ. ಮೇಳದ ಮೊದಲ ಕೃತಿಗಳಲ್ಲಿ ಮಾತುಗಳು ಸ್ಫುಟವಾಗಿ ಕೇಳಿಸವು. ಗಾಯಕನು ತುಟಿಯೊಳಗೆ ನುಡಿಯುವನು. ಗಿಟಾರಿನ ಮೊಳಗು ಅದನ್ನು ಇನ್ನಷ್ಟು ಮುಚ್ಚುವುದು. 'ಮರ್ಮರ್' ಎಂಬ ಹೆಸರೇ, ಸಂಸ್ಕೃತದ ಮರ್ಮರ ಶಬ್ದದಂತೆ, ಅಸ್ಫುಟ ಧ್ವನಿಯನ್ನು ಸೂಚಿಸುತ್ತದೆ. ಆದರೂ ಕೇಳಿದವರು ಅದರಲ್ಲಿ ಅರ್ಥವುಂಟೆಂದು ನಂಬಿದರು. ಇದನ್ನು ಧ್ವನಿಕಾವ್ಯವೆನ್ನಬಹುದೆ?

ಆನಂದವರ್ಧನನು ವಾಚ್ಯಾರ್ಥದ ಅನಂತರ ತೋರುವ ವ್ಯಂಗ್ಯಾರ್ಥದ ಒಂದು ಪ್ರಭೇದವನ್ನು ಗಂಟೆಯ ಅನುರಣನಕ್ಕೆ ಹೋಲಿಸಿದ್ದಾನೆ. ಬಡಿತವು ಮೊದಲು, ಅನುರಣನವು ಆಮೇಲೆ. ಆ ಕ್ರಮವು ಕೇಳುವವನಿಗೆ ಗೊತ್ತಾಗುವುದು. ವಾಚ್ಯಾರ್ಥವೇ ಗ್ರಹಿಕೆಗೆ ಬಾರದಿದ್ದರೆ ವ್ಯಂಗ್ಯಕ್ಕೆ ಆಶ್ರಯವೆಲ್ಲಿ? ಬಡಿತವಿಲ್ಲದ ಅನುರಣನವು ಅಸಂಭವ. ಆದುದರಿಂದ 'ಮರ್ಮರ್' ಕೃತಿಯ ಗೀತಗಳನ್ನು ಧ್ವನಿಕಾವ್ಯದ ಲಕ್ಷಣಕ್ಕೆ ಸೇರಿಸುವುದು ಸರಿಯಲ್ಲ. ಅಕ್ಷರಗಳನ್ನು ನಾದಕ್ಕೆ ಆಸರೆಯಾಗಿ ಮಾತ್ರ ಇಟ್ಟುಕೊಳ್ಳುವ ರಾಗಾಲಾಪನೆಯ ಬಳಿ ಅವಕ್ಕೆ ಸ್ಥಾನ. ಸ್ಮಿತ್ಸ್ ಮೇಳದ ಗೀತಗಳಾದರೋ ಇದಕ್ಕೆ ವಿರುದ್ಧ. ಅಲ್ಲಿ ಮಾತು ಸ್ಪಷ್ಟ, ವ್ಯಂಗ್ಯ ತೀಕ್ಷ್ಣ. ದುಃಖದ ಮಾತಿನ ಕೆಳಗೆ ಗಿಟಾರು ಉಲ್ಲಾಸದಿಂದ ಮೊಳಗುವುದು. ಮಾತಿನ ಭಾವವೊಂದು, ನಾದದ ಭಾವವಿನ್ನೊಂದು ಆಗಿ, ಎರಡರ ಘರ್ಷಣೆಯಿಂದ ಮೂರನೆಯದೊಂದು ಹೊಳೆಯುವುದು. ಧ್ವನಿಯೆಂಬ ಮಾತು ಇಲ್ಲಿ ಸಲ್ಲುತ್ತದೆ. ಒಂದೇ ಝಂಕಾರವು ಎರಡು ಮೇಳಗಳಲ್ಲಿ ಎರಡು ವಿಧವಾದ ಪ್ರಯೋಜನವನ್ನು ಪಡೆದುದು ಹೀಗೆ.

7. ಲೋಪವೂ ಶೋಧನೆಯೂ

ಈ ಮೇಳಗಳ ಸಂಖ್ಯೆಯು ಮೇಲೆ ಹೆಸರಿಸಿದಷ್ಟೇ ಅಲ್ಲ. ಲಂಡನ್ನಿನ ಒಂದು ಅಂಗಡಿಯಾಗಿ 1976ರಲ್ಲಿ ಮೊದಲಾದ ರಫ್ ಟ್ರೇಡ್ ಸಂಸ್ಥೆಯೂ ಅದರಂತಹ ಇತರ ಸಂಸ್ಥೆಗಳೂ ದೊಡ್ಡ ವ್ಯಾಪಾರಿಗಳ ಹಂಗಿಲ್ಲದೆ ಮುದ್ರಿಕೆಗಳನ್ನು ಹಂಚುವ ದಾರಿಯನ್ನು ತೆರೆದ ಮೇಲೆ, ಊರೂರಿನ ತರುಣರು ಸ್ವಂತ ಹಣದಿಂದ ಏಳಂಗುಲದ ತಟ್ಟೆಗಳನ್ನು ಅಚ್ಚುಹಾಕಿಸಿದರು. ಅವು ಸಂಗೀತಕೂಟಗಳಲ್ಲಿಯೂ ಅಂಚೆಯ ಮೂಲಕವೂ ಮಾರಿಹೋದುವು. ಮೇಳಗಳು ಚೆದರಿದ ಮೇಲೆ ಕೇಳುವವರಿಲ್ಲದಾಯಿತು.

1986ರಲ್ಲಿ ಎನ್.ಎಂ.ಇ. ಎಂಬ ಇಂಗ್ಲಿಷ್ ವಾರಪತ್ರಿಕೆಯು ರಫ್ ಟ್ರೇಡಿನೊಡನೆ ಕೂಡಿ 'ಸಿ86' ಎಂಬ ಕ್ಯಾಸೆಟ್ಟನ್ನು ಹೊರಡಿಸಿತು. ಅದರಲ್ಲಿದ್ದುವು 22 ಮೇಳಗಳ 22 ಗೀತಗಳು. 2014ರಲ್ಲಿ ಅದನ್ನು ವಿಸ್ತರಿಸಿ ಮತ್ತೆ ಪ್ರಕಟಿಸಿದಾಗ ಗೀತಗಳ ಸಂಖ್ಯೆ 72 ಆಯಿತು. ಅದೇ ಕಾಲದ ಹಲವು ಮೇಳಗಳನ್ನು ಸಂಪಾದಕರು ಹುಡುಕಿ ಸೇರಿಸಿದುದೇ ಈ ವೃದ್ಧಿಗೆ ಕಾರಣ. 2020ರಲ್ಲಿ ನ್ಯೂಯಾರ್ಕಿನ ಕ್ಯಾಪ್ಚರ್ಡ್ ಟ್ರ್ಯಾಕ್ಸ್ ಎಂಬ ಸಂಸ್ಥೆಯು 1983ರಿಂದ 1987ರವರೆಗಿನ ಅಮೆರಿಕದ ಅಜ್ಞಾತ ಝಂಕಾರಮೇಳಗಳ 28 ಗೀತಗಳನ್ನು 'ಸ್ಟ್ರಮ್ ಅಂಡ್ ಥ್ರಮ್' ಎಂಬ ಹೆಸರಿನಿಂದ ಸಂಕಲಿಸಿತು. ಗೀತಗಳ ಜೊತೆಗೆ ಆ ಮೇಳದವರ ಬಾಯಿಂದಲೇ ಕೇಳಿ ಬರೆದ ಚರಿತ್ರೆಯೂ ಅದರಲ್ಲಿದೆ. ಫ್ಲೈಯಿಂಗ್ ನನ್ ಸಂಸ್ಥೆಯ ಮೂಲ ಟೇಪುಗಳು ವೆಲಿಂಗ್ಟನ್ನಿನ ಅಲೆಕ್ಸಾಂಡರ್ ಟರ್ನ್‌ಬುಲ್ ಗ್ರಂಥಾಲಯವನ್ನು ಸೇರಿವೆ. ಅಂಗಡಿಯ ಸರಕಾಗಿದ್ದುದು ರಾಷ್ಟ್ರೀಯ ಭಂಡಾರದ ವಸ್ತುವಾಯಿತು.

ಕನ್ನಡ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಇದು ಪರಿಚಿತವಾದ ಕಥೆ. ಮಲ್ಲಿಕಾರ್ಜುನನು ಹದಿಮೂರನೆಯ ಶತಮಾನದಲ್ಲಿ ಸೂಕ್ತಿಸುಧಾರ್ಣವವನ್ನು ಸಂಕಲಿಸದೆ ಇದ್ದಿದ್ದರೆ ಹಲವು ಪದ್ಯಗಳು ನಮಗೆ ದೊರೆಯುತ್ತಿರಲಿಲ್ಲ. ಅವನ ಮಗ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತನಗೆ ಪ್ರಮಾಣರಾದ ಕವಿಗಳನ್ನು ಹೆಸರಿಸುವಾಗ ಗಜಗ, ಮನಸಿಜ, ಚಂದ್ರಭಟ್ಟ ಮೊದಲಾದವರನ್ನು ಹೇಳಿರುವನು. ಅವರ ಕಾವ್ಯಗಳು ಇಂದು ನಮ್ಮ ಕೈಯಲ್ಲಿಲ್ಲ. 1907ರಲ್ಲಿ ಮೊದಲ ಸಂಪುಟವು ಹೊರಟ ಕರ್ಣಾಟಕ ಕವಿಚರಿತೆಯು ಕಂಡ ಗ್ರಂಥವನ್ನೂ ಹೆಸರು ಮಾತ್ರ ತಿಳಿದ ಗ್ರಂಥವನ್ನೂ ಒಂದೇ ಶ್ರದ್ಧೆಯಿಂದ ದಾಖಲಿಸಿತು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕೂಡಿಸಿದ ಓಲೆಗಳಿಂದ 1923ರಲ್ಲಿ ವಚನಶಾಸ್ತ್ರಸಾರವು ಹೊರಟಿತು. ಆ ಓಲೆಗಳಲ್ಲಿ ನಾಡಿಗೆ ಮತ್ತೆ ದೊರೆತ ಶರಣರಲ್ಲಿ ಕಿನ್ನರಿಯನ್ನು ನುಡಿಸುತ್ತಿದ್ದ ಬೊಮ್ಮಯ್ಯನೂ ಒಬ್ಬನು. ಸಂಗ್ರಾಹಕನಿಲ್ಲದೆ ಕವಿಯಿಲ್ಲ ಎಂಬ ಮಾತು ಏಥೆನ್ಸಿಗೂ ಡನೀಡಿನ್ನಿಗೂ ಕಲ್ಯಾಣಕ್ಕೂ ಸಮಾನವಾಗಿ ಅನ್ವಯಿಸುತ್ತದೆ.

8. ಕನ್ನಡನಾಡಿನಲ್ಲಿ ಅದೇ ದಶಕ

ಕನ್ನಡನಾಡಿನಲ್ಲಿ ಆ ಕಾಲಕ್ಕೆ ಝಂಕಾರಮೇಳಗಳೆಂಬುವು ಮತವಾಗಿ ಬೆಳೆಯಲಿಲ್ಲ. ಆದರೆ ಗಿಟಾರಿನ ನಾದವು ಬೇರೆ ದಾರಿಗಳಿಂದ ಬಂದು ನೆಲೆಸಿತು. ಶಂಕರನಾಗರು ನಿರ್ದೇಶಿಸಿ ತಾವೇ ಗಾಯಕನ ಪಾತ್ರವನ್ನು ವಹಿಸಿದ 1981ರ 'ಗೀತಾ' ಚಿತ್ರದಲ್ಲಿ, ಇಳಯರಾಜರ ಸಂಯೋಜನೆಯ ಮೂಲಕ, ಅದು ಕನ್ನಡಿಗರ ಮನೆಮಾತಾಯಿತು. ಮಂಗಳೂರಿನ ಕ್ರೈಸ್ತ ಕೊಂಕಣಿಗರಲ್ಲಿ ಗಿಟಾರು ಅದಕ್ಕೂ ಮೊದಲೇ ಬಳಕೆಯಲ್ಲಿದ್ದಿತು. 'ಕೊಂಕಣ್ ಕೊಗುಳ್' ಎಂದು ಹೆಸರಾದ ವಿಲ್ಫಿ ರೆಬಿಂಬಸ್ಸರು (1942–2010) ಪಾಶ್ಚಾತ್ಯ ವಾದ್ಯಗಳೊಡನೆ ಕೊಂಕಣಿಯ ಸ್ವಂತ ಗೀತಗಳನ್ನು ರಚಿಸಿ ಹಾಡಿ ಬಹು ಜನಪ್ರಿಯರಾದರು. ಮಂಗಳೂರಿನ ಕೊಂಕಣಿಯು ಕನ್ನಡ ಲಿಪಿಯಲ್ಲಿಯೇ ಬರೆಯಲ್ಪಡುವುದರಿಂದ ಈ ಗೀತಗಳ ಚರಿತ್ರೆಯು ಕನ್ನಡ ವಿದ್ವಾಂಸರಿಗೂ ಎಟುಕುವಂತಹದು. ಇಂಗ್ಲೆಂಡಿನಲ್ಲಿ ಸಿ86 ಕ್ಯಾಸೆಟ್ಟು ಹೊರಟ 1986ರಲ್ಲಿಯೇ, ನವೆಂಬರ್ 30ರಂದು, ಮಂಗಳೂರಿನಲ್ಲಿ ಎರಿಕ್ ಒಝೇರಿಯೊ ಅವರ ನಾಯಕತ್ವದಲ್ಲಿ 'ಮಾಂಡ್ ಸೊಭಾಣ್' ಎಂಬ ಕಾರ್ಯಕ್ರಮವು ನಡೆಯಿತು. ಪಾಶ್ಚಾತ್ಯ ಧಾಟಿಯಲ್ಲಿ ಮುಳುಗಿದ್ದ ಕೊಂಕಣಿ ಗಾಯನಕ್ಕೆ ಅದರದೇ ಆದ ಧಾಟಿ ಯಾವುದೆಂದು ಹುಡುಕುವುದು ಅದರ ಉದ್ದೇಶವಾಗಿದ್ದಿತು. ಕಾರ್ಯಕ್ರಮದ ಹೆಸರೇ ಬಳಿಕ ಸಂಸ್ಥೆಯ ಹೆಸರಾಯಿತು. ಮುಂದೆ ಮೈಸೂರಿನ ರಘು ದೀಕ್ಷಿತರು ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿಗೆ ಹೊಂದಿಸಿ ವಿದೇಶಗಳಲ್ಲಿಯೂ ಹಾಡಿದರು. ಏಕತಾರಿಯ ಪದಕ್ಕೆ ಆರು ತಂತಿಗಳ ಆಸರೆ ದೊರೆತುದು ಹೀಗೆ.

ಆದರೆ ನಾದದ ಶೈಲಿಗಿಂತಲೂ ಮುಖ್ಯವಾದುದು ಅದನ್ನು ಹೊತ್ತ ವಸ್ತು. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಭಾವಗೀತಗಳ ಮೊದಲ ಕನ್ನಡ ಕ್ಯಾಸೆಟ್ಟಾಗಿ ಹೊರಟ ಮೇಲೆ, ಮುಂದಿನ ಹತ್ತು ವರ್ಷಗಳಲ್ಲಿ ಕ್ಯಾಸೆಟ್ಟು ಹಳ್ಳಿಹಳ್ಳಿಯನ್ನು ಹೊಕ್ಕಿತು. ದಕ್ಷಿಣ ಕನ್ನಡದಲ್ಲಿ ಯಕ್ಷಗಾನ, ತಾಳಮದ್ದಳೆ, ತುಳು ನಾಟಕ, ಪಾಡ್ದನ, ಕೊಂಕಣಿ ಗೀತಗಳು ಅದರಲ್ಲಿ ತುಂಬಿದುವು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ, ಬಲಿಪ ನಾರಾಯಣ ಭಾಗವತರ ಪದಗಳು ಅಡಕೆ ಸುಲಿಯುವ ಚಾವಡಿಗಳಲ್ಲಿ ಕೇಳಿಬರುತ್ತಿದ್ದುವು.

ಇಲ್ಲಿ ಒಂದು ಭೇದವನ್ನು ವಿದ್ವಾಂಸರು ಲಕ್ಷಿಸಬೇಕು. ಯಕ್ಷಗಾನದ ಪ್ರಸಂಗವು ಅಚ್ಚಾಗಿದೆ, ಪದವು ಉಳಿಯುವುದು. ತಾಳಮದ್ದಳೆಯ ಅರ್ಥವು ಅಚ್ಚಾಗಿಲ್ಲ. ಅದು ಆಯಾ ಇರುಳು, ಎದುರಿನ ಅರ್ಥಧಾರಿಯ ಮಾತಿಗೆ ಉತ್ತರವಾಗಿ, ಆಶುವಾಗಿ ಹುಟ್ಟಿದುದು. ಆ ಇರುಳಿನ ಕರ್ಣನ ವಾದ, ಕೃಷ್ಣನ ಪ್ರತಿವಾದ ಇವಕ್ಕೆ ಕ್ಯಾಸೆಟ್ಟೊಂದೇ ಆಕರ. ಗಿಟಾರುಮೇಳದ ಗೀತವು ಕಳೆದರೆ ಅದನ್ನು ಬಲ್ಲವರು ಮತ್ತೆ ಹಾಡಿಯಾರು. ಅರ್ಥಧಾರಿಯು ತೀರಿಕೊಂಡ ಮೇಲೆ ಆ ಮಾತನ್ನು ಮತ್ತೆ ಆಡುವವರಿಲ್ಲ. ಕನ್ನಡ ಗದ್ಯದ ಒಂದು ಶ್ರೇಷ್ಠ ಭಾಗವು ಕಾಲಂಗುಲಕ್ಕಿಂತಲೂ ಕಿರಿದಾದ ಕಾಂತಪಟ್ಟಿಯ ಮೇಲೆ ನಿಂತಿದೆ.

ಆ ಪಟ್ಟಿಯ ಆಯುಸ್ಸು ಓಲೆಯದಕ್ಕಿಂತ ಬಹಳ ಕಡಿಮೆ. ಎಣ್ಣೆ ಪೂಸಿ ಕಾಪಾಡಿದ ಓಲೆಯು ಕೆಲವು ಶತಮಾನ ಬಾಳುವುದು. ಕ್ಯಾಸೆಟ್ಟಿನಲ್ಲಾದರೋ ಕಾಂತಚೂರ್ಣವನ್ನು ಹಿಡಿದಿರುವ ಅಂಟು ಕೆಲವು ದಶಕಗಳಲ್ಲಿ ಸಡಿಲವಾಗುವುದು. ಸುಳ್ಯ, ಪುತ್ತೂರು, ಕಡಬಗಳಂತಹ ಮಳೆನಾಡಿನಲ್ಲಿ ಬೂಷ್ಟು ಅದಕ್ಕಿಂತ ಮೊದಲೇ ಹಿಡಿಯುವುದು. ಕೇಳುವ ಯಂತ್ರಗಳೂ ಅಪರೂಪವಾಗುತ್ತಿವೆ.

9. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಸಂಗತಿಗಳು ಏರ್ಪಡುತ್ತವೆ. ಮೊದಲನೆಯದು, ಝಂಕಾರವೆಂಬುದು ಜೋಡಿತಂತಿಗಳ ಅನುರಣನದಿಂದ ಹುಟ್ಟಿದ ಗುಣ. ಅದರ ತತ್ತ್ವವು ನಮ್ಮ ಜೀವಾಳಿಗೂ ಶ್ರುತಿಗೂ ಬಂಧುವಾದುದು. ಎರಡನೆಯದು, ಅದನ್ನು ಬೆಳೆಸಿದವರು ಸಣ್ಣ ಊರುಗಳ ಸಾಮಾನ್ಯರು. ಅವರ ಕೃತಿಗಳು ಅಲ್ಪಪ್ರಚಾರದಿಂದ ಲೋಪವಾದುವು. ಮೂರನೆಯದು, ಅವು ಪುನಃ ದೊರೆತುದು ದೈವಯೋಗದಿಂದಲ್ಲ. ಪ್ರತಿಗಳನ್ನು ಕೂಡಿಸಿ, ಹಾಡಿದವರು ಬದುಕಿರುವಾಗಲೇ ಅವರನ್ನು ಕೇಳಿ, ತೇದಿಗಳನ್ನು ಬರೆದಿಟ್ಟು, ಮೂಲಗಳನ್ನು ಗ್ರಂಥಾಲಯಕ್ಕೆ ಒಪ್ಪಿಸಿದವರ ಪರಿಶ್ರಮದಿಂದ.

ಕನ್ನಡ ಅಧ್ಯಾಪಕರಿಗೆ ಇದರಿಂದ ಒದಗುವ ಕರ್ತವ್ಯವು ದೊಡ್ಡ ಧನವನ್ನು ಬೇಡುವಂತಹದಲ್ಲ. ಮರ್ಕಂಜದಂತಹ ಒಂದೊಂದು ಗ್ರಾಮದಲ್ಲಿ ಓಲೆಯ ಕಟ್ಟುಗಳನ್ನು ವಿಚಾರಿಸುವಾಗ ಕ್ಯಾಸೆಟ್ಟಿನ ಪೆಟ್ಟಿಗೆಯನ್ನೂ ವಿಚಾರಿಸಬೇಕು. ಪ್ರಸಂಗದ ಹೆಸರು, ಭಾಗವತರು, ಅರ್ಥಧಾರಿಗಳು, ನಡೆದ ಸ್ಥಳ, ತೇದಿ ಇವಿಷ್ಟನ್ನು ಒಂದು ಹಾಳೆಯ ಮೇಲೆ ಬರೆದು, ಧ್ವನಿಯನ್ನು ಹೊಸ ಯಂತ್ರಕ್ಕೆ ಇಳಿಸಿ, ಹತ್ತಿರದ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪ್ರತಿಯನ್ನಿರಿಸಿದರೆ ಮೊದಲ ಕೆಲಸವು ಆದಂತೆಯೇ. ಆ ದಶಕದಲ್ಲಿ ತರುಣರಾಗಿದ್ದವರು ಈಗ ವೃದ್ಧರಾಗುತ್ತಿದ್ದಾರೆ. ಯಾವ ಇರುಳು ಯಾರು ಕರ್ಣ, ಯಾರು ಶಲ್ಯ ಎಂಬುದನ್ನು ದನಿಯಿಂದಲೇ ಗುರುತಿಸಿ ಹೇಳಬಲ್ಲವರು ಅವರೇ. ಕೇಶಿರಾಜನು ಹೆಸರಿಸಿದ ಗಜಗನ ಕಾವ್ಯಕ್ಕಾಗಿ ನಾವಿಂದು ಮರುಗುವಂತೆ ಮುಂದಿನವರು ಈ ಮಾತುಗಳಿಗಾಗಿ ಮರುಗದಿರಬೇಕಾದರೆ, ಆ ಪಟ್ಟಿಯನ್ನು ಬರೆಯಲು ತಕ್ಕ ಕಾಲವು ಇದೇ ಆಗಿದೆ.